ಮೂರರಲ್ಲಿ ಮುಗಿಯದ ಲಕ್ಷ

ಹಾವಗೆಪ್ಪ ಬಿಸಿ ರೊಟ್ಟಿ ತಿಂದು ಹನ್ನೊಂದು ತಿಂಗಳಾಗಿತ್ತು. ಪೊಲೀಸ್ ಆಕ್ಷನ್ನಿನಲ್ಲಿ ಬೀದರದ ಮೇಲೆ ವಿಮಾನ ಹಾರಿದ ದಿನ ಅವನು ಹೆಂಡತಿಯ ಜೊತೆ ಜೋಳದ ಹೊಲದಲ್ಲಿ ಬೋರಲು ಬಿದ್ದು ಹರಕೆ ಹೊತ್ತಿದ್ದ. ಬದುಕಿ ಮನೆ ಸೇರಿದರೆ ಮುಂದಿನ ಶ್ರಾವಣದಲ್ಲಿ ಲಿಂಗಕ್ಕೆ ಲಕ್ಷ ಬಿಲ್ವದೆಲೆ, ಅಲ್ಲಿಯವರೆಗೆ ರೊಟ್ಟಿ ಮುಟ್ಟುವುದಿಲ್ಲ. ಜೋಳದ ಸೀಮೆಯವನು ಅನ್ನ ತಿಂದು ತಿಂದು ಒಣ ದಂಟಿನಂತಾಗಿದ್ದ.

ಅರಿವೆ ಅಂಗಡಿಯವನಲ್ಲವೇ, ಜಾಣ. ಒಂದು ಪತ್ರಿಗೆ ಮೂರೆಲೆ, ಮೂರೆಂದೇ ಎಣಿಸಿದ. ಶ್ರಾವಣದ ಕೊನೆಯ ಸೋಮವಾರ ಬೆಳಿಗ್ಗೆ ಬರೀ ನೂರೆಲೆ ಉಳಿದಿತ್ತು. ಅಂದು ತಪ್ಪಿದರೆ ಮತ್ತೊಂದು ವರ್ಷ ಅನ್ನವೇ ಗತಿ. ಮೂವತ್ತಮೂರು ಪತ್ರಿ ಬುಟ್ಟಿಗೆ ಹಾಕಿದ, ಒಂದೆಲೆ ಕಡಿಮೆ ಬಿತ್ತು. ಇನ್ನೊಂದು ಪತ್ರಿ ಹಾಕಿದ, ಎರಡು ಹೆಚ್ಚಾಯಿತು. ನಾಲ್ಕು ಸಲ ಎಣಿಸಿದರೂ ಅದೇ ಹಾಡು.

ನೆರೆಮನೆಯ ಶಿವರಾಜಪ್ಪ ಕರೆಯದೆಯೇ ಬಂದ. ಹರಿದ ಪತ್ರಿ ಲಿಂಗಕ್ಕೆ ನಡೆಯದು, ಹರಕೆ ಕಡಿಮೆಯಾದರೆ ಸಾಲ, ಹೆಚ್ಚಾದರೆ ಸೊಕ್ಕು ಎಂದು ಹೆದರಿಸಿದ. ಎದುರುಮನೆಯ ಗಣಿತದ ಮಾಸ್ತರ ಮುನೀರೋದ್ದೀನರೂ ಬಂದು ಕನ್ನಡಕ ಒರೆಸಿಕೊಂಡರು.

“ಲಕ್ಷದಾಗಿನ ಅಂಕಿ ಕೂಡಿಸ್ರಿ. ಒಂದು, ಐದು ಸೊನ್ನಿ. ಕೂಡಿದ್ರ ಒಂದೇ. ಅಂದ್ರ ಮೂರರಾಗ ಹೋಗಂಗಿಲ್ರಿ, ಒಂದು ಉಳದೇ ಉಳೀತದ.”

“ಇದನ್ನೆಲ್ಲ ಹೊಲದಾಗ ವಿಚಾರ ಮಾಡ್ಲಿಕ್ಕಿ ಹ್ಯಾಂಗ ಆಗ್ತದರಿ? ಮ್ಯಾಲ ಇಮಾನ ಇತ್ತು,” ಎಂದ ಹಾವಗೆಪ್ಪ.

ಶಿವರಾಜಪ್ಪನಿಗೆ ಕಮಠಾಣದಲ್ಲಿ ಅಪರೂಪಕ್ಕೆ ಐದೆಲೆಯ ಪತ್ರಿ ಬಿಡುವ ಗಿಡವೊಂದು ನೆನಪಾಯಿತು. ಹಾವಗೆಪ್ಪ ಸೈಕಲ್ ತುಳಿದ, ಎರಡು ಸಲ ಕೆಸರಿಗೆ ಬಿದ್ದ, ಗಿಡವನ್ನೆಲ್ಲ ಜಾಲಾಡಿ ಒಂದೇ ಒಂದು ಐದೆಲೆ ತಂದು ಲಿಂಗಕ್ಕೆ ಏರಿಸಿದ. ಉಳಿದ ತೊಂಬತ್ತೈದಕ್ಕೆ ಪತ್ರಿ ಎಣಿಸಿದರೆ ಈಗ ಎರಡೆಲೆ ಕಡಿಮೆ! ಮುಂಜಾನೆ ಒಂದಿದ್ದ ಕೊರತೆ ಇಷ್ಟು ದುಡಿದ ಮೇಲೆ ಎರಡು ಹೇಗಾಯಿತೆಂದು ಅವನಿಗೆ ತಿಳಿಯಲೇ ಇಲ್ಲ.

ಮಾಸ್ತರರು ಸ್ಲೇಟು ಹಿಡಿದರು. ಇನ್ನೊಂದು ಐದೆಲೆ ಏರಿಸಿದರೆ ತೊಂಬತ್ತು ಉಳಿಯುತ್ತದೆ, ಅದು ಮೂರರಲ್ಲಿ ಸರಿಯಾಗಿ ಹೋಗುತ್ತದೆ ಎಂದರು. ಅಂಥ ಗಿಡ ಭಾಲ್ಕಿಯಲ್ಲಿ ಶಿವರಾಜಪ್ಪನ ಬೀಗರ ಹಿತ್ತಲಲ್ಲಿತ್ತು. ಹಾವಗೆಪ್ಪ ರೈಲಿನಲ್ಲಿ ನಿಂತೇ ಹೋಗಿ, ಬೀಗರ ಮೊಣಕಾಲು ನೋವಿನ ಕತೆ ಪೂರ್ತಿ ಕೇಳಿ, ಹೊತ್ತು ಮುಳುಗುವಷ್ಟರಲ್ಲಿ ಐದೆಲೆ ತಂದ.

ಅದನ್ನು ಏರಿಸಿದ. ಮೂವತ್ತು ಪತ್ರಿ ಏರಿಸಿದ. ಸಂತೋಷಕ್ಕೆ ಕಣ್ಣು ತುಂಬಿ ಬಂದವು. ಹೆಂಡತಿ ವಿಮಲಾಬಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನೋಡಲು ಬಂದಿದ್ದ ಶಿವರಾಜಪ್ಪ, ಮಾಸ್ತರರ ಎದುರೇ ತಾಟಿನ ಮುಂದೆ ಕೂತು, ಅಂತೂ ಲಕ್ಷ ಮುಗಿಯಿತು ಎಂದ.

ಅವಳ ಕೈ ನಿಂತಿತು. “ಬರೇ ಲಕ್ಷ ಎಲ್ಲೀದ್ರಿ? ಸೊನ್ನಿ ಮ್ಯಾಲ ನಿಂದರಬಾರ್ದು ಅಂತ ಲಕ್ಷದ ಮ್ಯಾಲ ಒಂದು ಅಂದಿದ್ರಿ. ನಾ ಬಾಜೂಕೇ ಬಿದ್ದಿದ್ದೆ.”

ಹಾವಗೆಪ್ಪನಿಗೆ ಆ ಹೊಲ, ಆ ಮಾತು ಎಲ್ಲ ನೆನಪಾಯಿತು. “ಮುಂಜಾನಿ ಯಾಕ ಹೇಳ್ಲಿಲ್ಲ?”

“ಇಡೀ ಓಣಿಗಿ ಕೇಳಿದ್ರಿ. ನನಗ ಕೇಳಿದ್ರೇನು?”

ಮುನೀರೋದ್ದೀನರು ಸ್ಲೇಟು ಒರೆಸಿ ಮತ್ತೆ ಬರೆದರು. ಲಕ್ಷದ ಮೇಲೊಂದಾದರೆ ಕಮಠಾಣದ ಒಂದೇ ಐದೆಲೆ ಸಾಕಿತ್ತು, ಉಳಿದದ್ದು ಮೂರರಲ್ಲಿ ಸಲೀಸಾಗಿ ಮುಗಿಯುತ್ತಿತ್ತು. ಕೆಡಿಸಿದ್ದು ಭಾಲ್ಕಿಯದು. ಏರಿಸಿದ್ದನ್ನು ಇಳಿಸುವಂತಿಲ್ಲ. ಈಗ ಕಡಿಮೆ ಬಿದ್ದದ್ದು, ಮುಂಜಾನೆಯಂತೆಯೇ, ಒಂದೆಲೆ.

ಶಿವರಾಜಪ್ಪ ಗಂಟಲು ಸರಿಮಾಡಿಕೊಂಡು, ಔರಾದ ಕಡೆ ಚಿಂತಾಕಿಯಲ್ಲಿ ಒಂದೇ ಎಲೆಯ ಪತ್ರಿ ಬಿಡುವ ಗಿಡವಿದೆಯಂತೆ ಎಂದ. ವಿಮಲಾಬಾಯಿ ಬಿಸಿ ರೊಟ್ಟಿಯನ್ನು ಶಿವರಾಜಪ್ಪನ ಕೈಗೇ ಕೊಟ್ಟು, ಗಂಡನ ತಾಟಿಗೆ ಅನ್ನ ಬಡಿಸಿದಳು.