ಖಾಲಿ ಇದ್ದ ಒಂದು ತಪ್ಪು

ಹಿಂದೆ ಒಂದು ತಪ್ಪನ್ನಾದರೂ ಮಾಡದ ಯಾರನ್ನೂ ಕೆಲಸಕ್ಕೆ ತೆಗೆದುಕೊಳ್ಳತಕ್ಕದ್ದಲ್ಲ ಎಂದು ಚನ್ನರಾಯಪಟ್ಟಣದ ಹಿತಚಿಂತಕ ಆಲೂಗೆಡ್ಡೆ ಬೆಳೆಗಾರರ ಸಂಘವು ಸರ್ವಾನುಮತದಿಂದ ನಿರ್ಣಯಿಸಿತ್ತು. ತಪ್ಪೇ ಮಾಡದವರಿಗೆ ಅನುಭವ ಎಲ್ಲಿಂದ ಬರಬೇಕು ಹೇಳಿ! ಸಣ್ಣ ತಪ್ಪಿಗೆ ಗುಮಾಸ್ತಿಕೆ, ದೊಡ್ಡ ತಪ್ಪಿಗೆ ಮೇಲ್ವಿಚಾರಣೆ.

ಸಂದರ್ಶನಕ್ಕೆ ಬಂದಿದ್ದ ಹಿರೀಸಾವೆಯ ತೇಜಶ್ರೀಗೆ ಇದು ಕಡೆಯ ಅವಕಾಶ. ಸಂಕ್ರಾಂತಿ ಕಳೆದರೆ ವಯೋಮಿತಿ ಮೀರುತ್ತಿತ್ತು. ಆಮೇಲೆ ಇಂಥ ಖಾಯಂ ಕೆಲಸಕ್ಕೆ ಅರ್ಜಿಯನ್ನೂ ಹಾಕುವಂತಿರಲಿಲ್ಲ. ಅವಳಿಗಿಂತ ಮುಂಚೆ ಒಳಗೆ ಹೋಗಿದ್ದ ಕಾಂತರಾಜು ಹಲ್ಲು ಬಿಟ್ಟುಕೊಂಡು ಹೊರಬಂದ.

"ಹಳೇ ಕಂಪ್ನೀಲಿ ಗೋಡೌನಿಗೆ ಬೀಗ ಆಕ್ದೆ ಮಾದೇಶ್ವರನ ಬೆಟ್ಟಕ್ಕೆ ಓಗ್ಬುಟ್ಟಿದ್ದೆ ಅಂದೆ ಕಣಕ್ಕಾ. ಮೇಲ್ವಿಚಾರಕ ಮಾಡವ್ರೆ!"

ಒಳಗೆ ಅಧ್ಯಕ್ಷ ಚಂದ್ರಶೇಖರಯ್ಯನವರೂ ಕಾರ್ಯದರ್ಶಿ ರವೀಂದ್ರನೂ ಕೂತಿದ್ದರು.

"ನಿನ್ನ ತಪ್ಪು ಯೋಳಮ್ಮಾ," ಎಂದರು ಅಧ್ಯಕ್ಷರು.

ತೇಜಶ್ರೀ ನೆನಪನ್ನೆಲ್ಲ ತಡಕಾಡಿದಳು. "ಪಿಯುಸೀಲಿ ಗೆಳತಿ ಛತ್ರೀನ ಬಸ್ಸಲ್ಲಿ ಬಿಟ್ಟು ಬಂದಿದ್ದೆ, ಸರ್."

"ಆಮೇಕೆ?"

"ಹೊಸದು ಕೊಡಿಸ್ದೆ, ಸರ್."

ಅಧ್ಯಕ್ಷರು ನೋವಿನಿಂದ ಕಣ್ಣು ಮುಚ್ಚಿಕೊಂಡರು. "ಸರಿ ಮಾಡಿದ್ ತಪ್ಪು ಲೆಕ್ಕಕ್ಕಿಲ್ಲ ಕಣಮ್ಮಾ. ಡಿಗ್ರಿ ಓದಿದ್ದೀಯ, ನೆಟ್ಟಗಿರೋ ತಪ್ಪು ಒಂದಾರ ಮಾಡಕಾಯ್ತಿರ್ಲಿಲ್ವಾ?"

ತೇಜಶ್ರೀಗೆ ಅಳುವೇ ಬಂದುಬಿಟ್ಟಿತು. ಇಷ್ಟು ವರ್ಷ ಎಂಥ ಸೋಮಾರಿಯಾಗಿ ಬದುಕಿಬಿಟ್ಟೆನಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು.

ರವೀಂದ್ರ ಕನಿಕರದಿಂದ ಕೆಮ್ಮಿದ. "ಸಾ, ಸಂಘದ್ದೇ ಒಂದು ತಪ್ಪು ಖಾಲಿ ಬಿದ್ದೈತಲ್ಲ?"

ಬಿದ್ದಿತ್ತು, ನಿಜ. ಹೋದ ಬೇಸಿಗೆಯಲ್ಲಿ ಸಂಘದ ಜನರೇಟರು ಅಧ್ಯಕ್ಷರ ಮಗಳ ಮದುವೆಯ ದೀಪಾಲಂಕಾರಕ್ಕೆ ಹೋಗಿದ್ದಾಗ ಕರೆಂಟು ಕೈಕೊಟ್ಟು, ಕೋಲ್ಡ್ ಸ್ಟೋರೇಜಿನಲ್ಲಿದ್ದ ರೈತರ ಬಿತ್ತನೆ ಗೆಡ್ಡೆಯೆಲ್ಲ ಕೊಳೆತು ನಾರಿತ್ತು. ತನಿಖಾ ಸಮಿತಿಗೆ ತಪ್ಪು ಸಿಕ್ಕಿತ್ತು, ಮಾಡಿದವರು ಮಾತ್ರ ಸಿಕ್ಕಿರಲಿಲ್ಲ. ಸಮಿತಿಗೂ ಚಂದ್ರಶೇಖರಯ್ಯನವರೇ ಅಧ್ಯಕ್ಷರಾಗಿದ್ದರಿಂದ ಹುಡುಕಾಟ ಬಲು ಕಷ್ಟದ್ದಾಗಿತ್ತು.

"ಆಗ ನಾನಿಲ್ಲಿ ಇರ್ಲೇ ಇಲ್ವಲ್ಲ, ಸರ್?"

"ಅದಕ್ಕೇನಂತೆ?" ಎಂದರು ಅಧ್ಯಕ್ಷರು. "ನಿನ್ನ ನೇಮಕ ಹೋದ ಯುಗಾದಿಯಿಂದಲೇ ಜಾರಿ. ಜವಾಬ್ದಾರಿ ಅವತ್ತಿಂದ, ಸಂಬಳ ಮುಂದಿನ ತಿಂಗಳಿಂದ. ಭಾರೀ ತಪ್ಪು ಕಣಮ್ಮಾ, ಸೀದಾ ಮ್ಯಾನೇಜರೇ ಆಯ್ತೀಯ!"

ಕೊಳೆತ ರಾಶಿಯಲ್ಲಿ ತೇಜಶ್ರೀಯ ಅಪ್ಪ ರುದ್ರಯ್ಯನ ಮೂಟೆಗಳೂ ಇದ್ದವು. ಬಿತ್ತನೆಯಿಲ್ಲದೆ ಹೊಲ ಬೀಳುಬಿದ್ದಾಗಿನಿಂದ ಅವನು, ಇದನ್ನು ಮಾಡಿದವರ ಮನೆ ಹಾಳಾಗಲಿ ಎಂದು ದಿನಾ ಶಾಪ ಹಾಕುತ್ತಿದ್ದ. ಆದರೆ ಸಂಕ್ರಾಂತಿ ಹತ್ತಿರವಿತ್ತು. ಅವಳು ಒಪ್ಪಿಕೊಂಡಳು.

ಮಾರನೇ ವಾರ ಸಂಘದ ಗೋಡೆಯ ಮೇಲೆ ಪ್ರಕಟಣೆ ಬಂತು: "ಗೆಡ್ಡೆ ಕೊಳೆತ ಪ್ರಕರಣದಲ್ಲಿ ಖಾಲಿಯಿದ್ದ ತಪ್ಪು ಭರ್ತಿಯಾಗಿದೆ. ರೈತ ಬಾಂಧವರು ತಮ್ಮ ಬೈಗುಳಗಳನ್ನು ಕಚೇರಿ ವೇಳೆಯಲ್ಲಿ, ಸರದಿಯ ಪ್ರಕಾರ, ಮ್ಯಾನೇಜರ್ ಅವರಿಗೇ ಸಲ್ಲಿಸತಕ್ಕದ್ದು. ಅಧ್ಯಕ್ಷರನ್ನು ಬೈಯತಕ್ಕದ್ದಲ್ಲ."

ಮಗಳಿಗೆ ಕೆಲಸವಾಯಿತೆಂದು ಮಾತ್ರ ಗೊತ್ತಿದ್ದ ರುದ್ರಯ್ಯ, ಬೈಯಲೆಂದು ಬಂದು ಸಾಲಿನಲ್ಲಿ ನಿಂತ. ಸರದಿ ಬಂದಾಗ ಕುರ್ಚಿಯಲ್ಲಿದ್ದವಳನ್ನು ಕಂಡು ಬೆಪ್ಪಾದ.

"ಇದೇನವ್ವಾ, ನಮ್ ಗೆಡ್ಡೆ ಕೊಳೆಸ್ದೋಳು ನೀನೇನಾ?"

"ಹೂಂ ಅಪ್ಪಾ."

"ಯಾಕವ್ವಾ ಅಂಗ್ ಮಾಡ್ದೆ?"

"ಕೆಲಸ ಖಾಯಂ ಅಪ್ಪಾ."

"ಖಾಯಮ್ಮಾ?" ರುದ್ರಯ್ಯ ಟವೆಲಿನಿಂದ ಮುಖ ಒರೆಸಿಕೊಂಡ. "ಅಂಗಾರೆ ಬುಡು."

ಹಿಂದಿನಿಂದ ಯಾರೋ, "ಬೇಗ ಬಯ್ದು ಮುಗಿಸಯ್ಯಾ, ಬಸ್ಸಿಗೆ ಒತ್ತಾಯ್ತು!" ಎಂದು ಕೂಗಿದರು. ಸರದಿ ಅಂದಮೇಲೆ ಸರದಿ. ರುದ್ರಯ್ಯ ಗಂಟಲು ಸರಿಮಾಡಿಕೊಂಡು, "ನಿನ್ ಮನೆ ಆಳಾಗ!" ಎಂದು ಬಾಯ್ತುಂಬ ಬೈದ. ಆಮೇಲೆ ಅವಳ ಹತ್ತಿರ ಮನೆಯ ಬೀಗದ ಕೈ ಇಸಿದುಕೊಂಡು ಹಿರೀಸಾವೆಯ ಬಸ್ಸು ಹತ್ತಿದ.