ವಿಶ್ವವಿದ್ಯಾಲಯದ ಬುಡ ಕೆದಕಿದ ಮಾಸ್ತರು

ರಾಣೆಬೆನ್ನೂರಿನ ಕಲ್ಲೇಶ ಮಾಸ್ತರಿಗೆ ಬೀಡಿಯಿಲ್ಲ, ಎಲೆ-ಅಡಿಕೆಯಿಲ್ಲ, ಇಸ್ಪೀಟಂತೂ ಮೊದಲೇ ಇಲ್ಲ. ಇದ್ದ ಚಟ ಒಂದೇ. ಯಾವ ಶಬ್ದ ಕಿವಿಗೆ ಬಿದ್ದರೂ ಅದರ ಬುಡ ಕೆದಕಬೇಕು, ಕೆದಕಿದ್ದನ್ನು ಎದುರಿಗೆ ಸಿಕ್ಕವರಿಗೆ ಹೇಳಬೇಕು. ಬೀಡಿ ಸೇದುವವನನ್ನು ಕಂಡರೆ ದೂರ ಸರಿದು ಕೂತುಕೊಳ್ಳಬಹುದು. ಕಲ್ಲೇಶ ಮಾಸ್ತರ ಮಾತ್ರ ಹಿಂದೆಯೇ ಸರಿದು ಬರುತ್ತಿದ್ದ.

ಒಂದು ದಿನ ತಾನು ಕಲಿಸುತ್ತಿದ್ದ ಬ್ಯಾಡಗಿಯ ಕಾಲೇಜಿನಲ್ಲಿ ಚಹಾ ಕುಡಿಯುತ್ತ, "ಯುನಿವರ್ಸಿಟಿ ಅನ್ನೋ ಶಬ್ದದ ಮೂಲ ಗೊತ್ತೈತೇನ್ರಿ ನಿಮಗ?" ಅಂದದ್ದೇ ತಪ್ಪಾಯಿತು. ಅದೇ ಹೊತ್ತಿಗೆ ಕಾಲೇಜಿನ ಚೇರಮನ್ನರೂ ಮೆಣಸಿನಕಾಯಿ ದಲಾಲರೂ ಆದ ಅಂದಾನೆಪ್ಪ ಸಾವ್ಕಾರರು ಬಾಗಿಲಲ್ಲಿ ನಿಂತಿದ್ದರು. ಹೊಸ ಕಟ್ಟಡ ಕಟ್ಟಿಸಬೇಕು, ಇವತ್ತಲ್ಲ ನಾಳೆ ಕಾಲೇಜನ್ನು ವಿಶ್ವವಿದ್ಯಾಲಯ ಮಾಡಬೇಕು ಎಂಬ ಹುಚ್ಚು ಅವರ ತಲೆಗೆ ಹತ್ತಿದ್ದ ಕಾಲ ಅದು.

"ಭೂಮಿಪೂಜೆ ದಿವಸ ಇದರ ಮ್ಯಾಲೇನ ಮಾತಾಡ್ರಿ ಮಾಸ್ತರ," ಅಂದರು ಸಾವ್ಕಾರರು. "ಹಾವೇರಿಯಿಂದ ಸಾಹೇಬರು ಬರಾಕತ್ತಾರ. ನಿಮ್ಮ ಭಾಷಣ ಮುಗೀತಿದ್ದಂಗ, ನಿಮ್ಮನ್ನ ಪರ್ಮನೆಂಟ್ ಮಾಡೇವಿ ಅಂತ ಸ್ಟೇಜಿನ ಮ್ಯಾಲ ಹೇಳಿಬಿಡ್ತೇನಿ."

ಪರ್ಮನೆಂಟ್ ಎಂಬ ಶಬ್ದ ಕೇಳಿ ಕಲ್ಲೇಶನ ಕೈಯಲ್ಲಿದ್ದ ಚಹಾ ಬಸಿಗೆ ಚೆಲ್ಲಿತು. ಆತನದು ಪ್ರತಿ ಬೇಸಿಗೆಗೆ ಸಾಯುವ, ಪ್ರತಿ ಮಳೆಗಾಲಕ್ಕೆ ಹುಟ್ಟುವ ನೌಕರಿ. ಇತಿಹಾಸ ಕಲಿಸುತ್ತ ಕಲಿಸುತ್ತ ತಲೆಗೂದಲು ಹಣ್ಣಾಗಿತ್ತು, ನೌಕರಿ ಮಾತ್ರ ಇನ್ನೂ ಕಾಯಿ. ಮೇಡ್ಲೇರಿಯ ಮಾವನವರು ಬೀಗರ ಮುಂದೆ "ನಮ್ಮ ಅಳಿಯ ಕಾಲೇಜಿನ್ಯಾಗ ಮಾಸ್ತರ ಅದಾನ" ಎಂದು ದೊಡ್ಡ ದನಿಯಲ್ಲಿ ಹೇಳಿ, ಆಮೇಲೆ ಸಣ್ಣ ದನಿಯಲ್ಲಿ "ಸದ್ಯಕ್ಕ" ಎಂದು ಸೇರಿಸುತ್ತಿದ್ದರು. ಆ 'ಸದ್ಯಕ್ಕ' ಕಲ್ಲೇಶನ ಹೆಂಡತಿ ರೋಹಿಣಿಯ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತ್ತು.

ಭೂಮಿಪೂಜೆಯ ದಿನ ಬೆಳಿಗ್ಗೆ ರೋಹಿಣಿ ಬಿಳಿ ಅಂಗಿಗೆ ಇಸ್ತ್ರಿ ಹಾಕಿ, ಅದನ್ನು ಗಂಡನ ಕೈಗೆ ಕೊಡದೆ ತಾನೇ ಹಿಡಿದು ನಿಂತಳು.

"ಮೊದಲ ಮಾತ ಕೊಡ್ರಿ. ಚೇರಮನ್ನರು ದೊಡ್ಡವರು, ವಿದ್ಯಾ ದೊಡ್ಡದು, ಎಲ್ಲಾರಿಗೂ ಶರಣು. ಇಷ್ಟ ಹೇಳಿ ಕುಂದ್ರಬೇಕು. ಬುಡ ಕೆದಕಬ್ಯಾಡ್ರಿ, ಗಿಡಾನ ಬೀಳತೈತಿ."

"ಇಲ್ಲ ಬಿಡು, ಕೆದಕೂದಿಲ್ಲ."

"ಪ್ರತಿ ಬ್ಯಾಸಗಿಗೆ ತವರಮನಿಯಿಂದ ಜ್ವಾಳದ ಚೀಲ ತರಾಕ ನನಗ ನಾಚಿಕಿ ಬರತೈತ್ರಿ," ಎಂದಳು ರೋಹಿಣಿ. ದನಿ ಜೋರಿರಲಿಲ್ಲ. ಜೋರಿದ್ದರೆ ಕಲ್ಲೇಶನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಆತ ದೇವರ ಜಗಲಿಯ ಕಡೆ ತಿರುಗಿ ಆಣೆ ಮಾಡಿ ಅಂಗಿ ಇಸಿದುಕೊಂಡ.

ಪಕ್ಕದ ಮನೆಯ ಕುಲ್ಸುಮಬಿ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು. ಜ್ವರದವನಿಗೆ ಹೇಗಿದ್ದೀ ಎಂದು ಕೇಳುವಂತೆ ಆಕೆ ಎಷ್ಟೋ ವರ್ಷದಿಂದ ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದಳು. "ಮಾಸ್ತರ, ಪರ್ಮನೆಂಟ್ ಆತೇನ್ರಿ?"

"ಇವತ್ತ ಆಗತೈತ್ರಿ ಅಕ್ಕಾರ."

"ಅಲ್ಲಾ ಛಲೋ ಮಾಡ್ಲಿ. ಹಂಗಾದ್ರ ಬರೋವಾಗ ಪೇಢೆ ತರ್ರಿ. ಬರೇ ಕೈಲೆ ಬಂದ್ರ ಓಣ್ಯಾಗ ಬಿಟ್ಟಕೊಳ್ಳೂದಿಲ್ಲ ನೋಡ್ರಿ."

ರೈಲಿನಲ್ಲಿ ಕಿಟಕಿಯ ಪಕ್ಕದ ಸೀಟು ಹಿಡಿದು ಕೂತಿದ್ದವರು ಕಾಮರ್ಸಿನ ಮೈಲಾರೆಪ್ಪ ಮಾಸ್ತರು. ಪರ್ಮನೆಂಟ್ ಮನುಷ್ಯ, ಸೀಟು ಕೂಡ ಪರ್ಮನೆಂಟ್. ಕಲ್ಲೇಶ ನಿಂತೇ ಇದ್ದ.

"ಏನ ಮಾತಾಡಾಂವ ಇವತ್ತ?" ಎಂದು ಕೇಳಿದರು ಅವರು.

ಹೇಳಬಾರದೆಂದು ಕಲ್ಲೇಶ ತುಟಿ ಕಚ್ಚಿಕೊಂಡ. ದೇವರಗುಡ್ಡ ಸ್ಟೇಶನ್ ದಾಟುವಷ್ಟರಲ್ಲಿ ತುಟಿ ಸೋತಿತು. "ಸರ್, ನಾವು ವಿಶ್ವವಿದ್ಯಾಲಯ ಅಂತೀವಿ. ಆದರ ಯುನಿವರ್ಸಿಟಿ ಅನ್ನೋದರ ಮೂಲ ಲ್ಯಾಟಿನ್ ಶಬ್ದದಾಗ ವಿದ್ಯಾನೂ ಇಲ್ಲ, ಆಲಯಾನೂ ಇಲ್ಲ. 'ನಾವೆಲ್ಲಾರೂ ಕೂಡಿ ಒಂದು' ಅನ್ನೋದಷ್ಟ ಅದರ ಅರ್ಥ. ಸಂಘ ಅಂತ ತಿಳೀರಿ. ಅವಾಗ ಬಡಗ್ಯಾರ ಸಂಘಕ್ಕೂ, ದರ್ಜಿಗಳ ಸಂಘಕ್ಕೂ ಅದ ಹೆಸರಿತ್ತು. ಕಟ್ಟಡ ಅಂತೂ ಇರಲೇ ಇಲ್ಲ."

ಮೈಲಾರೆಪ್ಪ ಕಿಟಕಿಯಿಂದ ಮುಖ ತಿರುಗಿಸಿದರು. "ಕಟ್ಟಡದ ಭೂಮಿಪೂಜೆಗೆ ನಿಂತು ಕಟ್ಟಡ ಬ್ಯಾಡಾಗಿತ್ತು ಅಂತ ಹೇಳಾವನೇನು? ಲಗ್ನಕ್ಕ ಹೋಗಿ ಸನ್ಯಾಸ ಛಲೋ ಅಂದಂಗಾತು. ಸುಮ್ನ ಹೊಗಳು, ಕುಂದರು."

"ಹೌದ್ರಿ ಸರ್. ನಾ ಏನೂ ಹೇಳೂದಿಲ್ಲ," ಎಂದ ಕಲ್ಲೇಶ.

ಕ್ರಾಸಿಂಗಿಗೆಂದು ರೈಲು ಬ್ಯಾಡಗಿಯ ಹೊರಗೆ ಬಹಳ ಹೊತ್ತು ನಿಂತು ಬಿಸಿಲು ಕಾಯಿತು. ಮೈಲಾರೆಪ್ಪನವರು ಸ್ಟೇಶನ್ನಿನಲ್ಲಿ ಯಾರದೋ ಸ್ಕೂಟರಿನ ಹಿಂದೆ ಹತ್ತಿ ಹೋಗಿಬಿಟ್ಟರು. ಕಲ್ಲೇಶ ನಡೆಯುತ್ತ ಮಾರ್ಕೆಟ್ ಯಾರ್ಡಿನ ಒಳದಾರಿ ಹಿಡಿದ. ಅವತ್ತು ಮೆಣಸಿನಕಾಯಿ ರಾಶಿಗಳಿಗೆ ಗಿರಾಕಿಗಳು ದರ ಬರೆದು ಹಾಕುವ ಟೆಂಡರಿನ ದಿನ. ಎಲ್ಲಿ ನೋಡಿದರಲ್ಲಿ ಕೆಂಪು ರಾಶಿ, ಗಾಳಿಯಲ್ಲೆಲ್ಲ ಘಾಟು. ಬ್ಯಾಡಗಿಯಲ್ಲಿ ಸೀನನ್ನು ಅಪಶಕುನವೆಂದು ಯಾರೂ ಎಣಿಸುವುದಿಲ್ಲ. ಎಣಿಸಿದರೆ ಸುಗ್ಗಿಯ ಕಾಲದಲ್ಲಿ ಒಬ್ಬನೂ ಮನೆ ಬಿಟ್ಟು ಹೊರಬೀಳುವಂತಿಲ್ಲ. ಅಲ್ಲಿಯ ಇನ್ನೊಂದು ಪದ್ಧತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಹೋದ ಸಲ ಎಷ್ಟೇ ಬಣ್ಣದ ಮಾಲು ಅನ್ನಿಸಿಕೊಂಡಿರಲಿ, ಮಾರಾಟವಾಗದೆ ಕೋಲ್ಡ್ ಸ್ಟೋರೇಜು ಸೇರಿದ್ದು ಹೊರಬಂದರೆ ಮತ್ತೆ ಚೀಲ ಬಿಚ್ಚಬೇಕು, ಮತ್ತೆ ಎಲ್ಲರ ಕಣ್ಣಿಗೆ ಬೀಳಬೇಕು, ಮತ್ತೆ ಟೆಂಡರು. ಹಳೆಯ ಹೆಸರು ಅಲ್ಲಿ ನಡೆಯುವುದಿಲ್ಲ.

ಚೀಲಗಳ ಸಂದಿಯಲ್ಲಿ ದಾರಿ ಸಿಗದೆ ಸೀನುತ್ತ ನಿಂತಿದ್ದ ಕಲ್ಲೇಶನನ್ನು ಹಮಾಲರ ಮುಖಂಡ ಶಮಶೇರಸಾಬ ನೋಡಿದ. ಆತನ ತಂಡ ಭೂಮಿಪೂಜೆಯ ಪೆಂಡಾಲಿಗೆ ಕೈಗಾಡಿಯಲ್ಲಿ ಕುರ್ಚಿ ಒಯ್ಯುತ್ತಿತ್ತು.

"ಮಾಸ್ತರ, ಹತ್ತರಿ ಗಾಡಿ. ಹೊತ್ತಾಗೇತಿ," ಎಂದು ಆತ ಕಲ್ಲೇಶನನ್ನು ಅನಾಮತ್ತಾಗಿ ಎತ್ತಿ ಕುರ್ಚಿಗಳ ಮೇಲೆ ಇಟ್ಟ. ಶಮಶೇರಸಾಬನ ಕೈಗೆ ಮೆತ್ತಿದ್ದ ಮೆಣಸಿನಕಾಯಿಯ ಕೆಂಪು ಬಣ್ಣ ಬಿಳಿ ಅಂಗಿಯ ಎರಡೂ ಬಗಲಿಗೆ ಹತ್ತಿತು.

ಗಾಡಿ ಹೊರಟಿತು. ಇವತ್ತು ಯಾವುದರ ಮೇಲೆ ಭಾಷಣ ಎಂದು ಶಮಶೇರಸಾಬ ಕೇಳಿದ. ಉಚಿತವಾಗಿ ಗಾಡಿ ಹತ್ತಿಸಿಕೊಂಡವನಿಗೆ ಉತ್ತರ ಕೊಡದಿರುವುದು ಹೇಗೆ? ಕಲ್ಲೇಶ ಎಲ್ಲ ಹೇಳಿದ.

"ಹಂಗಾದ್ರ ನಮ್ಮ ಹಮಾಲರ ಸಂಘಾನೂ ಅದ ಆತಲ್ರಿ," ಎಂದು ಶಮಶೇರಸಾಬ ತೋಳಿನ ಹಿತ್ತಾಳೆ ಬಿಲ್ಲೆ ತೋರಿಸಿದ. "ನಮ್ಮಲ್ಲಿ ಒಮ್ಮೆ ಬಿಲ್ಲೆ ಕಟ್ಟಿದಾಂವ ಸಾಯೋತನಕಾ ನಮ್ಮಾಂವ. ಯಾವ ಸಾವ್ಕಾರನೂ ಬಿಚ್ಚಾಕ ಬರೂದಿಲ್ಲ. ಭಾಷಣ ಕೇಳಾಕ ನಾವೂ ಕುಂದರ್ತೇವಿ ಬಿಡ್ರಿ."

ಪೆಂಡಾಲಿನಲ್ಲಿ ಹಾರ, ಶಾಲು, ದೀಪ ಎಲ್ಲ ಮುಗಿದಿದ್ದವು. ಮುಖ್ಯ ಭಾಷಣಕಾರ ಕುರ್ಚಿಗಳ ಮೇಲೆ ಕೂತು ಮೆರವಣಿಗೆಯಲ್ಲಿ ಬಂದಿದ್ದನ್ನು ನೋಡಿ ಹುಡುಗರು ಸಿಳ್ಳೆ ಹೊಡೆದರು. ಮೈಲಾರೆಪ್ಪ ಕಣ್ಣು ಮುಚ್ಚಿಕೊಂಡರು.

ಕಲ್ಲೇಶ ಮೈಕಿನ ಮುಂದೆ ನಿಂತ. "ಚೇರಮನ್ನರು ದೊಡ್ಡವರು," ಎಂದ. ಮೂಗಿನಲ್ಲಿ ಉಳಿದಿದ್ದ ಘಾಟು ಆಗಲೇ ಎದ್ದು, ಎರಡೂ ಕಣ್ಣಿಂದ ನೀರು ಸುರಿಯಿತು. ಜನ ಅದನ್ನು ಭಕ್ತಿಯೆಂದು ತಿಳಿದರು. ಸಾವ್ಕಾರರ ಕಣ್ಣೂ ಒದ್ದೆಯಾಯಿತು. "ವಿದ್ಯಾ ದೊಡ್ಡದು. ಎಲ್ಲಾರಿಗೂ ಶರಣು," ಎಂದು ಕಲ್ಲೇಶ ಮುಗಿಸಿದ. ಅಲ್ಲಿಗೆ ಕುಳಿತಿದ್ದರೆ ನಾನು ಈ ಕತೆ ಹೇಳುವ ಪ್ರಸಂಗವೇ ಇರಲಿಲ್ಲ, ಕುಲ್ಸುಮಬಿಗೆ ಪೇಢೆ ಸಿಗುತ್ತಿತ್ತು.

ಆದರೆ ಹಾವೇರಿಯ ಸಾಹೇಬರು ಮುಂದೆ ಬಾಗಿ, "ಶಬ್ದದ ಮೂಲ ಹೇಳ್ತೀರಿ ಅಂತ ಸಾವ್ಕಾರ್ರು ಅಂದಿದ್ರು? ಅದನ್ನ ಕೇಳಾಕಂತನ ಬಂದೇನ್ರಿ," ಅಂದರು.

ಕುಡಿಯುವವನಿಗೆ ತಾಸೀಲ್ದಾರನೇ ಬಟ್ಟಲು ತುಂಬಿ ಕೊಟ್ಟಂತಾಯಿತು. ರೋಹಿಣಿಯ ಮುಖ ಒಮ್ಮೆ ಕಣ್ಣ ಮುಂದೆ ಬಂತು. ಬಂದು ಹೋಯಿತು.

"ಇಟಲಿ ದೇಶದಾಗ ಬೊಲೊನ್ಯಾ ಅಂತ ಊರು," ಎಂದು ಕಲ್ಲೇಶ ಶುರುಮಾಡಿದ. ನೂರಾರು ವರ್ಷಗಳ ಹಿಂದೆ ಕಾನೂನು ಕಲಿಯಲು ದೂರದೂರದ ಹುಡುಗರು ಅಲ್ಲಿಗೆ ಬರುತ್ತಿದ್ದರು. ಪರದೇಶಿಗಳೆಂದು ಊರವರು ಮನೆಬಾಡಿಗೆಯಲ್ಲಿ ಸುಲಿಯುತ್ತಿದ್ದರು. ಆ ಹುಡುಗರು ಕೂಡಿ, ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ ಎಂದು ಆಣೆ ಮಾಡಿ ಕಟ್ಟಿಕೊಂಡ ಸಂಘವೇ ಯುನಿವರ್ಸಿಟಿ. ಮಾಸ್ತರರನ್ನು ಆರಿಸುವವರು ಅವರೇ, ಸಂಬಳ ಕೊಡುವವರು ಅವರೇ. ಮಾಸ್ತರ ತಡವಾಗಿ ಬಂದರೆ ದಂಡ. ಗಂಟೆ ಹೊಡೆದ ಮೇಲೂ ಪಾಠ ಎಳೆದರೆ ದಂಡ. ಊರು ಬಿಟ್ಟು ಹೋಗಬೇಕಾದರೆ ಹುಡುಗರ ಅಪ್ಪಣೆ ಬೇಕು.

ಪೆಂಡಾಲು ಕುಣಿಯಿತು. ಹಿಂದಿನ ಸಾಲಿನಲ್ಲಿ ಹಮಾಲರು ಚಪ್ಪಾಳೆ ತಟ್ಟಿದರು.

"ಊರವರ ಕಾಟ ಹೆಚ್ಚಾದ್ರ ಅವರು ಜಗಳಾ ಮಾಡ್ತಿರಲಿಲ್ಲ. ಪುಸ್ತಕ ಬಗಲಾಗ ಇಟಕೊಂಡು, ಎಲ್ಲಾರೂ ಕೂಡಿ ಬ್ಯಾರೇ ಊರಿಗೆ ಹೋಗಿಬಿಡ್ತಿದ್ರು. ಬಿಟ್ಟುಹೋಗಾಕ ಅವರಿಗೆ ಕಟ್ಟಡ ಇರಲಿಲ್ಲ. ಯುನಿವರ್ಸಿಟಿ ಅಂದ್ರ ಗ್ವಾಡಿ ಅಲ್ರಿ. ಒಬ್ಬರಿಗೊಬ್ಬರು ಕೊಟ್ಟ ಮಾತು. ಆ ಮಾತು ಇದ್ದಲ್ಲಿ ಬೇವಿನ ಗಿಡದ ನೆರಳಿನ್ಯಾಗೂ ಅದು ಇರತೈತಿ. ಮಾತು ಇಲ್ಲಂದ್ರ ಎಷ್ಟು ಮಾಳಿಗಿ ಕಟ್ಟಿಸಿದ್ರೂ ಅದು ಬರೇ ಗೋದಾಮು."

ಈ ಸಲ ಕಲ್ಲೇಶನ ಕಣ್ಣಲ್ಲಿ ಬಂದ ನೀರು ಮೆಣಸಿನಕಾಯಿಯದಲ್ಲ. ಎಷ್ಟೋ ವರ್ಷ ತಾನು ಕಲಿಸಿದ್ದು ಈ ಒಂದು ಮಾತನ್ನು ಹೇಳಲಿಕ್ಕೇ ಅನ್ನಿಸಿತು. ಆಮೇಲೆ ಗೋದಾಮು ಎಂಬ ಶಬ್ದ ತನ್ನ ಕಿವಿಗೇ ಬಿದ್ದು, ಎದುರಿಗಿದ್ದ ಪೂಜೆಯ ಗುದ್ದಲಿ ಕಣ್ಣಿಗೆ ಬಿದ್ದು, ಆತ ಮೈಕು ಬಿಟ್ಟು ಹಿಂದೆ ಸರಿದ.

ಅಂದಾನೆಪ್ಪ ಸಾವ್ಕಾರರು ಎದ್ದರು. ಸೀದಾ ಬಂದು ಕಲ್ಲೇಶನನ್ನು ತಬ್ಬಿಕೊಂಡರು.

"ಇಷ್ಟು ವರ್ಷ ಈ ಮನಿಶಾನ್ನ ನಾವು ಗುರ್ತ ಹಿಡೀಲಿಲ್ಲ," ಎಂದರು ಮೈಕಿನಲ್ಲಿ. "ಇವರನ್ನ ಪರ್ಮನೆಂಟ್ ಮಾಡೇವಿ ಅಂತ ಹೇಳಾಕ ಬಂದಿದ್ದೆ." ಕಲ್ಲೇಶನ ಎದೆ ಹಿಗ್ಗಿತು. "ಆದರ ಮಾಸ್ತರ ನನ್ನ ಕಣ್ಣ ತೆರಿಸಿದ್ರು. ನಮ್ಮ ಯಾರ್ಡಿನ ಕಾನೂನನ ಬೊಲೊನ್ಯಾದ ಕಾನೂನು. ಗಿರಾಕಿ ನೋಡಿ ಆರಿಸಬೇಕು, ವರ್ಷಾ ವರ್ಷಾ ಆರಿಸಬೇಕು. ಇನ್ನ ಮ್ಯಾಲೆ ಪರ್ಮನೆಂಟ್ ಅನ್ನೋ ಪದ್ಧತೀನ ಬ್ಯಾಡ. ಮಾಸ್ತರರನ್ನ ಹುಡುಗೂರ ಆರಿಸಲಿ."

ವೇದಿಕೆಯ ಮೇಲೆ ಮೈಲಾರೆಪ್ಪ ಬಿಳಿಚಿಕೊಂಡರು. "ಸಾವ್ಕಾರ್ರ, ನಮಗೂ ಏನ್ರಿ?"

"ಛೇ, ನೀವು ಆಗಲೇ ಮಾರಾಟ ಆದ ಮಾಲು. ಮಾರಿದ ಮಾಲಿಗೆ ಮತ್ತ ಟೆಂಡರ್ ಎಲ್ಲೈತ್ರಿ?" ಎಂದರು ಸಾವ್ಕಾರರು. ಮೈಲಾರೆಪ್ಪ ನೀರು ಕುಡಿದರು.

ಹಾಗೆ ಲೆಕ್ಕ ಹಾಕಿದರೆ ಮಾರಾಟವಾಗದೆ ಉಳಿದಿದ್ದ ಮಾಲು ಇಡೀ ಕಾಲೇಜಿನಲ್ಲಿ ಒಂದೇ.

"ಕಲ್ಲೇಶ ಮಾಸ್ತರ ಬರೋ ವರ್ಷಕ್ಕ ಬೇಕನ್ನಾವರು ಕೈ ಎತ್ತರಿ," ಎಂದು ಸಾವ್ಕಾರರು ಕೂಗಿದರು. ಪೆಂಡಾಲಿನಲ್ಲಿ ಕೆಳಗುಳಿದ ಕೈ ಒಂದೂ ಇರಲಿಲ್ಲ. ಅಡಿಗೆಯವರು ಎತ್ತಿದರು, ಹಮಾಲರು ಎರಡೆರಡು ಎತ್ತಿದರು, ಸಾಹೇಬರೂ ಎತ್ತಿದರು. "ನೋಡ್ರಿ ಜನಾ ಎಷ್ಟ ಪ್ರೀತಿ ಮಾಡ್ತಾರ. ಒಂದು ವರ್ಷಕ್ಕ ಪಾಸಾದ್ರಿ," ಎಂದು ಸಾವ್ಕಾರರು ಶಾಲು ಹೊದಿಸಿದರು. ಒಂದು ವರ್ಷ ಎಂದರೆ ಮಳೆಗಾಲದಿಂದ ಬೇಸಿಗೆಯ ತನಕ. ಅಷ್ಟು ಮೊದಲೂ ಇತ್ತು.

ಸಂಜೆ ಗೇಟಿನ ಹತ್ತಿರ ಹುಡುಗರ ಗುಂಪು ಕಾದಿತ್ತು. ಮುಂದೆ ನಿಂತವಳು ಕೊನೆಯ ವರ್ಷದ ಶ್ವೇತಾ, ಜಾಣ ಹುಡುಗಿ.

"ಸರ್, ನಾವು ಸಂಘಾ ಕಟ್ಟೇವ್ರಿ. ನೀವು ಇವತ್ತ ತಡಾ ಮಾಡಿ ಬಂದ್ರಿ. ಗಂಟಿ ಹೊಡದ ಮ್ಯಾಲೂ ಮಾತಾಡಿದ್ರಿ. ದಂಡ ಆತ್ರಿ. ಎಲ್ಲಾರಿಗೂ ಗಿರಮಿಟ್, ಮಿರ್ಚಿ ಭಜಿ ತಿನಸಬೇಕು."

ಕಲ್ಲೇಶ ನಕ್ಕು ದಂಡ ಕೊಟ್ಟ. ಪೇಢೆಗೆಂದು ಇಟ್ಟುಕೊಂಡಿದ್ದ ರೊಕ್ಕ ಅಲ್ಲಿಗೆ ಮುಗಿಯಿತು. ತಿನ್ನುತ್ತ ತಿನ್ನುತ್ತ ಶ್ವೇತಾಳ ಮುಖ ಸಣ್ಣದಾಯಿತು. "ಸರ್, ನಾವು ಕೈ ಎತ್ತಲಿಲ್ಲಂದ್ರ ನಿಮ್ಮ ನೌಕರಿ ಹೋಗ್ತಿತ್ತು. ಎತ್ತಿದ್ದಕ್ಕ ಪರ್ಮನೆಂಟ್ ಹೋತು. ನಾವು ಏನ ಮಾಡಬೇಕಾಗಿತ್ರಿ?"

ಈ ಪ್ರಶ್ನೆಗೆ ಬೊಲೊನ್ಯಾದಲ್ಲಿ ಉತ್ತರವಿತ್ತು. ಪುಸ್ತಕ ಬಗಲಲ್ಲಿಟ್ಟುಕೊಂಡು ಎಲ್ಲರೂ ಎದ್ದು ಹೋಗಬೇಕಾಗಿತ್ತು. ಆದರೆ ಪರೀಕ್ಷೆ ಎದುರಿಗಿದ್ದ ಹುಡುಗರಿಗೆ ಯಾವ ಮಾಸ್ತರ ಆ ಮಾತು ಹೇಳಿಯಾನು? "ನೀವು ಸರಿಯಾಗೇ ಮಾಡೀರವ್ವ," ಎಂದ ಕಲ್ಲೇಶ. "ಈಗ ಊರಿಗೆ ಹೋಗಾಕ ಅಪ್ಪಣಿ ಕೊಡ್ರಿ."

ಸ್ಟೇಶನ್ನಿನ ದಾರಿಯಲ್ಲಿ ಶಮಶೇರಸಾಬ ಸಿಕ್ಕ. ಆತನಿಗೆ ಖರೇನೇ ಸಂಕಟವಾಗಿತ್ತು. "ನಮ್ಮ ಸಂಘಕ್ಕ ಬರ್ರಿ ಮಾಸ್ತರ. ನಾಳೇನ ಬಿಲ್ಲೆ ಕಟ್ಟತೇನಿ. ಸಾಯೋತನಕಾ ಪರ್ಮನೆಂಟ್," ಎಂದ. ಆಮೇಲೆ ಕಲ್ಲೇಶನ ತೋಳು ಮುಟ್ಟಿ ನೋಡಿ, "ಚೀಲಾ ಮಾತ್ರ ನೀವ ಎತ್ತಬೇಕಾಗತೈತ್ರಿ," ಎಂದು ಮೆಲ್ಲಗೆ ಸೇರಿಸಿದ. ಚೀಲ ಎತ್ತುವಂಥ ಕಸುವೇನೂ ಆ ತೋಳಿನಲ್ಲಿ ಇರಲಿಲ್ಲ.

ರಾಣೆಬೆನ್ನೂರಿನ ಓಣಿಯಲ್ಲಿ ಕುಲ್ಸುಮಬಿ ಕಟ್ಟೆಯ ಮೇಲೇ ಇದ್ದಳು. ಕಲ್ಲೇಶನ ಕೈಯಲ್ಲಿದ್ದ ಎಣ್ಣೆ ಹತ್ತಿದ ಪೊಟ್ಟಣ ಬಿಚ್ಚಿ ನೋಡಿದಳು. ಒಳಗೆ ದಂಡದಲ್ಲಿ ಉಳಿದ ಎರಡು ಮಿರ್ಚಿ. ಆಕೆ ಏನೂ ಕೇಳದೆ ಒಂದನ್ನು ಎತ್ತಿಕೊಂಡು ಒಳಗೆ ಹೋದಳು.

ರೋಹಿಣಿ ಅಂಗಿಯ ಬಗಲ ಕೆಂಪನ್ನು ನೋಡಿದಳು, ಗಂಡನ ಮುಖ ನೋಡಿದಳು. "ಕೆದಕಿದ್ರಿ," ಎಂದಳು.

ಕಲ್ಲೇಶ ಎಲ್ಲ ಹೇಳಿದ. "ಒಂದ ಕೈನೂ ಕೆಳಗ ಇರಲಿಲ್ಲೇನ್ರಿ?" ಎಂದು ಕೇಳಿದಳು.

"ಒಂದೂ ಇರಲಿಲ್ಲ."

ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದರಲ್ಲಿ ಅಳು ಎಷ್ಟು, ಹೆಮ್ಮೆ ಎಷ್ಟು ಎಂದು ಆಕೆಗೂ ತಿಳಿದಿರಲಿಕ್ಕಿಲ್ಲ. "ಇರಲಿ ಬಿಡ್ರಿ. ಬ್ಯಾಸಗಿಗೆ ಮೇಡ್ಲೇರಿಯಿಂದ ಒಂದ ಚೀಲಾ ಜ್ವಾಳಾ ತಂದರಾತು. ನಮ್ಮಪ್ಪಗ ನಾ ಹೇಳ್ತೇನಿ, ಊರಿಗೆ ಊರ ಕೈ ಎತ್ತೇತಿ ಅಂತ."

ಆ ಮಾತಿಗೆ ಕಲ್ಲೇಶನ ಜೀವ ಹಗುರಾಯಿತು. ಹಗುರಾದದ್ದೇ ತಡ, ಚಟ ಎದ್ದು ಕೂತಿತು. "ಅಲ್ಲ ರೋಹಿಣಿ, ಪರ್ಮನೆಂಟ್ ಅನ್ನೋ ಶಬ್ದದ ಮೂಲ ಏನ ಗೊತ್ತೈತೇನು..."

ರೋಹಿಣಿ ಪೊಟ್ಟಣದಲ್ಲಿ ಉಳಿದಿದ್ದ ಮಿರ್ಚಿಯನ್ನು ಇಡಿಯಾಗಿ ಆತನ ಬಾಯಿಗೆ ತುರುಕಿದಳು. ಕಲ್ಲೇಶ ಅಗಿಯತೊಡಗಿದ.