ಬೆನ್ನಿನ ಕಣ್ಣಿಗೆ ಗಂಧ ಹಚ್ಚಿಸಿಕೊಂಡ ಹೊಸ ಕಾರಿಗೆ

ಮಾನ್ಯ ಹೊಸ ಕಾರು ಮಹಾಶಯರೇ,

ಡೊಂಬಿವಲಿ ಪೂರ್ವದ ನಮ್ಮ ಸೊಸೈಟಿಯಲ್ಲಿ ನಮ್ಮ ಫ್ಲ್ಯಾಟಿನ ಪಾಲಿಗೆ ಬಂದಿರುವ ಒಂದೇ ಒಂದು ಪಾರ್ಕಿಂಗ್ ಜಾಗವನ್ನು ಕಳೆದ ತಿಂಗಳಿಂದ ಅಲಂಕರಿಸಿರುವ ತಮಗೆ, ಅದೇ ಜಾಗದಲ್ಲಿ ಹದಿನೈದು ವರ್ಷ ನಿಂತು ಈಗ ಗೇಟಿನ ಪಕ್ಕದ ಬಿಸಿಲಿಗೆ ಬಿದ್ದಿರುವ ಹಳೆಯ ಫಿಯಟ್ಟಿನ ಪರವಾಗಿಯೂ ಅದರ ಚಾಲಕನಾದ ನನ್ನ ಪರವಾಗಿಯೂ ಸಾದರ ಪ್ರಣಾಮಗಳು.

ದೂರಿಗೆ ಮೊದಲು, ಇಷ್ಟು ದಿನ ಯಾರಿಗೂ ಹೇಳದ ಒಂದು ಸಂಗತಿಯನ್ನು ಒಪ್ಪಿಕೊಂಡುಬಿಡುತ್ತೇನೆ. ಹೊಸ ಕಾರುಗಳೆಲ್ಲ ಚಕ್ರ ಕಟ್ಟಿದ ಟಿಫಿನ್ ಡಬ್ಬಿಗಳು ಎಂದು ಎದುರು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುವ ನಾನು, ಮಧ್ಯಾಹ್ನದ ಊಟವಾದ ಮೇಲೆ ತಮ್ಮನ್ನು ತೊಳೆಯುವ ನೆಪದಲ್ಲಿ ಬಂದು, ಗಾಜು ಏರಿಸಿ, ತಮ್ಮ ತಂಪುಗಾಳಿಯಲ್ಲಿ ನಿದ್ದೆ ಹೊಡೆಯುತ್ತಿದ್ದೆ. ಅಂಥ ಸುಖ ಫಿಯಟ್ಟಿನಲ್ಲಿ ಒಂದು ದಿನವೂ ಸಿಕ್ಕಿಲ್ಲ. ಮೇ ತಿಂಗಳಲ್ಲಿ ಅದರ ಸೀಟು ಮುಟ್ಟಿದರೆ ದೋಸೆ ಹುಯ್ಯಬಹುದು, ಗಾಜು ಇಳಿಸಲು ಹೋದರೆ ಹಿಡಿಕೆ ಕೈಗೆ ಬರುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ನನ್ನ ಕೆಟ್ಟ ಅಭ್ಯಾಸ. ಆ ಅಭ್ಯಾಸದಿಂದಲೇ ಈ ಪತ್ರ ಬರೆಯುವ ಪ್ರಸಂಗವೂ ಬಂದಿದೆ.

ತಮ್ಮ ಗುಣಗಳನ್ನು ಹೊಗಳದೆ ಮುಂದೆ ಹೋಗುವುದು ಅಪಚಾರ. ನನ್ನ ಸೋದರಮಾವ, ಸ್ಟೇಷನ್ ಬಳಿಯ ಉಡುಪಿ ಹೋಟೆಲಿನ ಮಾಲೀಕ ಮುಂಡಪ್ಪನವರು, ಹಿಟ್ಟಿನ ಪಾತ್ರೆಯನ್ನು ಮೊದಲ ಬಾರಿ ತಮ್ಮ ಮುಂದಿನ ಸೀಟಿನಲ್ಲಿ ಇಟ್ಟಾಗ, ಅದರ ಪ್ರಾಣದ ಬಗ್ಗೆ ತಮಗೆ ಹುಟ್ಟಿದ ಕಳವಳವನ್ನು ನಾನು ಮರೆಯಲಾರೆ. ಬೆಲ್ಟು ಹಾಕುವ ತನಕ ತಾವು ಕೂಗುವುದನ್ನು ಬಿಡಲಿಲ್ಲ. ಕಡೆಗೆ ಇಡ್ಲಿ ಹಿಟ್ಟಿಗೆ ಬೆಲ್ಟು ಬಿಗಿದು, ಮದುಮಗಳನ್ನು ಕರೆದೊಯ್ಯುವವರ ಹಾಗೆ ನಿಧಾನವಾಗಿ ಹೋಟೆಲು ಸೇರಿದೆವು. ಫಿಯಟ್ಟಿಗೆ ಇಷ್ಟು ಕರುಣೆ ಎಲ್ಲಿಂದ ಬರಬೇಕು? ಮುಂದಿನ ಉದ್ದ ಸೀಟಿನಲ್ಲಿ ಮಾವ, ಜಯಲತಾ ಅತ್ತೆ, ಅವರ ಮಗಳು ನಿಕಿತಾ, ಹಿಂದೆ ಕಲ್ಯಾಣದ ಮಾರುಕಟ್ಟೆಯ ಕುಂಬಳಕಾಯಿ, ಅದರ ಮೇಲೆ ನಾನು, ಹೀಗೆ ಎಲ್ಲರನ್ನೂ ಹೊತ್ತು ಅದು ಒಂದು ಮಾತೂ ಆಡದೆ ಹೋಗುತ್ತಿತ್ತು.

ಓದಲೆಂದು ಅಮ್ಮ ನನ್ನನ್ನು ಉಡುಪಿಯಿಂದ ಮಾವನ ಮನೆಗೆ ಕಳಿಸಿದ್ದಳು. ನಾನು ಒಂಬತ್ತನೆಯಲ್ಲಿ ಶಾಲೆ ಬಿಟ್ಟು ಫಿಯಟ್ಟಿನ ಬಾನೆಟ್ಟಿನೊಳಗೆ ತಲೆ ಹಾಕಿದೆ. ಅದಕ್ಕೆ ಕಾರಣ ಎರಡು ಸಾವಿರದ ಐದರ ಜುಲೈ ಮಳೆ. ರೈಲು ನಿಂತು, ಊರೆಲ್ಲ ನೀರಾಗಿ, ಕಾರು ಕೆಮ್ಮಿ ಸುಮ್ಮನಾದಾಗ, ಮಾವ ಇಂಜಿನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಒದ್ದೆ ಮುಚ್ಚಳ ಬಿಚ್ಚಿ ಪಂಚೆಯಲ್ಲಿ ಒರೆಸಿ, ಹೋಟೆಲಿನ ದೋಸೆ ಕಾವಲಿಯ ಅಂಚಿನಲ್ಲಿ ಬೆಚ್ಚಗೆ ಮಾಡಿ ತಂದು ಕೂರಿಸಿದರು. ಕಾರು ಒಂದೇ ಏಟಿಗೆ ಎದ್ದಿತು. ಯಂತ್ರವೊಂದನ್ನು ಹೀಗೂ ಸಮಾಧಾನ ಮಾಡಬಹುದು ಎಂದು ಅಂದು ಕಂಡ ಮೇಲೆ ನನಗೆ ಬೀಜಗಣಿತದಲ್ಲಿ ಮನಸ್ಸು ನಿಲ್ಲಲಿಲ್ಲ. ತಮ್ಮ ಬಾನೆಟ್ಟು ತೆರೆದರೆ ಕಾಣುವುದು ಕಪ್ಪು ಪ್ಲಾಸ್ಟಿಕ್ಕಿನ ಮುಸುಕು ಮಾತ್ರ. ದೊಡ್ಡವರ ಮನೆಯ ಬಾಗಿಲ ಹಾಗೆ ಅದು ನನ್ನನ್ನು ಹೊರಗೇ ನಿಲ್ಲಿಸುತ್ತದೆ.

ಇನ್ನು ದೂರಿನ ವಿಷಯ. ಆಯುಧಪೂಜೆಯ ದಿನ ಮಾವ ಹೋಟೆಲಿನ ಗ್ರೈಂಡರು, ಗಲ್ಲಾಪೆಟ್ಟಿಗೆ, ಈಳಿಗೆಮಣೆಗಳಿಗೆಲ್ಲ ಗಂಧ ಕುಂಕುಮ ಹಚ್ಚಿ, ಅದೇ ಬಟ್ಟಲು ಹಿಡಿದು ತಮ್ಮಲ್ಲಿಗೆ ಬಂದರು. ಮುಂದಿನ ದೀಪಗಳಿಗೆ ಹಚ್ಚಿದರು, ಕನ್ನಡಿಗಳಿಗೆ ಹಚ್ಚಿದರು, ಹಿಂದೆ ನಂಬರ್ ಪ್ಲೇಟಿನ ಮೇಲೆ ಪುಟ್ಟ ಕಣ್ಣೊಂದು ಮಿಟುಕದೆ ನೋಡುತ್ತಿರಲು ಅದಕ್ಕೂ ಭಕ್ತಿಯಿಂದ ದಪ್ಪಗೆ ಮೆತ್ತಿದರು. ಅದರ ಕೆಳಗೆ, ತಾವು ಅಡ್ಡಿಯನ್ನು ಮೂಸಿ ನೋಡುವ ಗುಂಡಿಗಳ ಮೇಲೆಯೇ ಚೆಂಡುಹೂವಿನ ಮಾಲೆ ಇಳಿಬಿಟ್ಟರು. ಎದುರಿಗೆ ಗೋಡೆ ಇದ್ದುದರಿಂದ ಚಕ್ರದಡಿ ಇಟ್ಟ ನಿಂಬೆಹಣ್ಣನ್ನು ಹಿಂದಕ್ಕೆ ಸರಿದೇ ಒಡೆಯಬೇಕಿತ್ತು. ಮಾವ ರಿವರ್ಸ್ ಹಾಕಿದ್ದೇ ತಡ ತಾವು ಚೀರತೊಡಗಿದಿರಿ. "ಪಪ್ಪಾ, ಸ್ಕ್ರೀನ್ ಪೂರಾ ಲಾಲ್ ಹೈ!" ಎಂದು ನಿಕಿತಾ ಕಿರುಚಿದಳು. ಅತ್ತೆ ಆ ಕೆಂಪಿಗೇ ಕೈಮುಗಿದರು. ಮಾವ ಮಾತ್ರ, "ಅದು ಹೂವಿಗೆ ಕೂಗುವುದು ಮಾರಾಯ್ತಿ, ಅದಕ್ಕೆಂತ ಗೊತ್ತುಂಟು ಪೂಜೆಯ ವಿಷಯ!" ಎಂದು ನಗುತ್ತ ಬಂದರು. "ನಿಂದರ್ರಿ ಸಾಹೇಬ್ರ, ಹಿಂದ ಗಾಡಿ ಐತ್ರಿ!" ಎಂದು ವಾಚ್‌ಮನ್ ಹಣಮಂತ್ರಾಯ ಕೋಲು ಬೀಸಿ ಓಡಿ ಬರುವಷ್ಟರಲ್ಲಿ ತಾವು ಫಿಯಟ್ಟನ್ನು ಸೇರಿಯಾಗಿತ್ತು.

ತಮ್ಮ ಬಂಪರು ಹಪ್ಪಳದಂತೆ ಒಡೆಯಿತು. ಫಿಯಟ್ಟಿನ ಉಕ್ಕಿನ ಬಂಪರಿಗೆ ಅಂಟಿದ್ದು ಒಂದಿಷ್ಟು ಹೂವಿನ ಎಸಳು.

ಇಷ್ಟಕ್ಕೇ ಮುಗಿದಿದ್ದರೆ ನಾನು ಎಸಳು ಒರೆಸಿ ಸುಮ್ಮನಿರುತ್ತಿದ್ದೆ. ಆದರೆ ಮಾವನವರಿಗೆ ಗಲ್ಲಾದ ಮೇಲೆ ಕೂತು, ತಾನು ಕಾರು ಹಿಡಿದಂದಿನಿಂದ ಇಂದಿನವರೆಗೆ ಯಾರ ಗಾಡಿಗೂ ಮುಟ್ಟಿಸಿದವನಲ್ಲ ಎಂದು ಬಂದ ಗಿರಾಕಿಗಳಿಗೆಲ್ಲ ಹೇಳುವ ರೂಢಿ. ಆ ಮಾತು ಉಳಿಯಬೇಕಿತ್ತು. ವಿಮೆಯವನು ನೋಡಲು ಬರುವ ದಿನ ನನ್ನನ್ನು ಬದಿಗೆ ಕರೆದು, "ಫಿಯಟ್ಟಿನ ಬ್ರೇಕು ಜಾರಿ ಅದೇ ಬಂದು ಹೊಡೆಯಿತು ಅಂತ ಹೇಳು ಸುಜನ್. ಹೇಗೂ ಗುಜರಿಗೆ ಹೋಗುವುದಲ್ವಾ, ಅದಕ್ಕೆಂತ ಮರ್ಯಾದೆ?" ಎಂದರು. ಮಾನ್ಯರೇ, ಆ ಬ್ರೇಕು ಬಿಗಿಮಾಡಿದವನು ನಾನು. ಚಕ್ರಕ್ಕೆ ಇಟ್ಟಿಗೆ ಕೊಟ್ಟವನೂ ನಾನು. ವಿಮೆಯವನು ಕೇಳಿದಾಗ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಹಣಮಂತ್ರಾಯನೂ ನಮ್ಮ ಸೊಸೈಟಿಯಲ್ಲೇ ಇರುವ ಹೋಟೆಲಿನ ಇಬ್ಬರು ಗಿರಾಕಿಗಳೂ ಅಲ್ಲೇ ನಿಂತಿದ್ದರು. ಮನೆಗೆ ಬಂದ ಮೇಲೆ ಮಾವ, "ಅಷ್ಟು ಸತ್ಯವಂತ ಆದರೆ ಆ ಡಬ್ಬವನ್ನು ಕಟ್ಟಿಕೊಂಡು ನೀನೂ ಹೋಗು" ಎಂದು ಕೀಲಿಕೈಯನ್ನು ಮೇಜಿನ ಮೇಲೆ ಎಸೆದರು. ಹನ್ನೊಂದು ವರ್ಷದ ಹಿಂದೆ ಅದೇ ಡಬ್ಬದ ಮುಚ್ಚಳವನ್ನು ಮಗುವಿನಂತೆ ಕಾವಲಿಗೆ ಹಿಡಿದ ಕೈ ಅದು. ನನಗೆ ನೋವಾದದ್ದು ಮಾತಿನಿಂದಲ್ಲ, ಅದರಿಂದ.

ಆದುದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಇಂತಿವೆ. ಮುಂದಿನ ದಸರಾದೊಳಗೆ ತಾವು ಚೆಂಡುಹೂವಿಗೂ ಉಕ್ಕಿಗೂ ವ್ಯತ್ಯಾಸ ಕಲಿಯಬೇಕು. ಕೂಗುವಾಗ ತುಳುವಿನಲ್ಲಿ ಕೂಗಿದರೆ ಮಾವ ಕೇಳಿಯಾರು. ಬೆಲ್ಟಿಗೆ, ಬಾಗಿಲಿಗೆ, ಗೋಡೆಗೆ ಎಚ್ಚರಿಸುವ ತಾವು, ಒಳಗೆ ಕೂತವರು ಹೊರಗೆ ನಿಂತ ಮುದಿಜೀವದ ಮೇಲೆ ಸುಳ್ಳು ಹೊರಿಸುವಾಗಲೂ ದಯಮಾಡಿ ಒಮ್ಮೆ ಚೀರಬೇಕು. ಅಂಥ ಸೌಲಭ್ಯ ಮೇಲಿನ ಮಾದರಿಯಲ್ಲಿ ಮಾತ್ರ ಉಂಟು ಎಂದಾದರೆ, ಕಡೇಪಕ್ಷ ಆ ಹೊತ್ತಿನಲ್ಲಿ ತಂಪುಗಾಳಿಯನ್ನಾದರೂ ನಿಲ್ಲಿಸಬೇಕು.

ತಮ್ಮ ತಂಪಿನಲ್ಲಿ ಮಲಗಿದ ಋಣಕ್ಕೆ ಕಟ್ಟುಬಿದ್ದಿರುವ, ಆದರೂ ತಮ್ಮ ಪರ ಸಾಕ್ಷಿ ಹೇಳಲಾರದ,

ತಮ್ಮ ವಿಶ್ವಾಸಿ,
ಸುಜನ್

ತಾ.ಕ.: ತಮ್ಮ ಬೆನ್ನಿನ ಕಣ್ಣಿನ ಅಂಚಿನಲ್ಲಿ ಗಂಧ ಇನ್ನೂ ಒಣಗಿ ಕೂತಿದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕಿದರೆ ಹೋಗುತ್ತದೆ. ಅದನ್ನು ಮಾಡುವವನು ಇನ್ನು ಇಲ್ಲಿರುವುದಿಲ್ಲವಾದ್ದರಿಂದ ತಾವೇ ಹೇಗಾದರೂ ಕಲಿಯಿರಿ. ಇಲ್ಲಿಂದ ಕೆಲವೇ ಸ್ಟೇಷನ್ ಆಚೆ, ಕಳವಾ ಎಂಬ ಊರಿನಲ್ಲಿ, ವಾಸು ಎಂಬವರ ಗ್ಯಾರೇಜಿನಲ್ಲಿ ನನಗೆ ಕೆಲಸ, ಫಿಯಟ್ಟಿಗೆ ನೆರಳು ಸಿಕ್ಕಿದೆ. ಇಂದು ಸಂಜೆ ಟಯರಿನ ಗಾಳಿ ನೋಡಲು ಹೋದಾಗ, ಫಿಯಟ್ಟಿನ ನಾಲ್ಕು ಚಕ್ರಗಳ ಕೆಳಗೂ ಯಾರೋ ಒಂದೊಂದು ನಿಂಬೆಹಣ್ಣು ಇಟ್ಟಿದ್ದರು. ಅತ್ತೆಯನ್ನು ಕೇಳಿದರೆ ತಾನಲ್ಲ ಎಂದರು. ನಿಕಿತಾ ಬೆಳಿಗ್ಗೆಯಿಂದ ಕ್ಲಾಸಿನಲ್ಲಿದ್ದಳು. ಹೋಟೆಲಿನಿಂದ ಬೇಗ ಬಂದ ಮಾವ ಸೋಫಾದ ಮೇಲೆ ಪೇಪರು ಅಡ್ಡ ಹಿಡಿದು ಕೂತಿದ್ದಾರೆ. ನಾನು ನಿಂಬೆಹಣ್ಣುಗಳನ್ನು ಇದ್ದಲ್ಲೇ ಬಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಹೊರಡುತ್ತೇನೆ.